ಗೂಡಿಗೆ ಹೊಂದುವ ಹಲ್ಲು

1778ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಹಲ್ಲಿನ ರೋಗಗಳ ಪುಸ್ತಕದಲ್ಲಿ ಜಾನ್ ಹಂಟರ್ ಎಂಬ ಶಸ್ತ್ರವೈದ್ಯ ತನ್ನ ವೃತ್ತಿಬಾಂಧವರಿಗೆ ಒಂದು ಕಿವಿಮಾತು ಹೇಳಿದ್ದಾನೆ. ಒಬ್ಬರ ಬಾಯಿಂದ ಕಿತ್ತ ಹಸಿ ಹಲ್ಲನ್ನು ಇನ್ನೊಬ್ಬರ ಬಾಯಿಗೆ ಕೂರಿಸುವುದಾದರೆ ಹಲ್ಲು ಕೊಡುವವರು ಒಬ್ಬರಿದ್ದರೆ ಸಾಲದು, ಹಲವರನ್ನು ಕರೆಸಿಟ್ಟುಕೊಂಡಿರಬೇಕು. ಮೊದಲನೆಯವರ ಹಲ್ಲು ದವಡೆಯ ಗೂಡಿಗೆ ಹೊಂದದಿದ್ದರೆ ಎರಡನೆಯವರದನ್ನು ಕೀಳಬೇಕು, ಅದೂ ಆಗದಿದ್ದರೆ ಮೂರನೆಯವರದು. ಹಲ್ಲಿನ ತಲೆ ಕಣ್ಣಿಗೆ ಕಾಣುತ್ತದೆ, ಬೇರು ಕಾಣುವುದಿಲ್ಲ. ಬೇರಿನ ಉದ್ದ, ದಪ್ಪ, ಬಾಗು ತಿಳಿಯಬೇಕೆಂದರೆ ಕೀಳಲೇಬೇಕು. ಕಿತ್ತ ಮೇಲೆ ಹೊಂದಲಿಲ್ಲವೆಂದರೆ ಆ ಹಲ್ಲು ಕೊಟ್ಟವರಿಗೂ ಇಲ್ಲ, ಕೊಂಡವರಿಗೂ ಇಲ್ಲ.

ಕೀಳುವ ಮೊದಲೇ ಬೇರಿನ ಅಳತೆ ತಿಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಸಿಗಲು ಇನ್ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಇಂದು ಸ್ಕ್ಯಾನ್, ಕಂಪ್ಯೂಟರ್ ಮತ್ತು ತ್ರೀಡಿ ಪ್ರಿಂಟರ್ ಸೇರಿ ಆ ಉತ್ತರ ಕೊಡುತ್ತಿವೆ. ಅದರ ಬೆಲೆ ಅರ್ಥವಾಗಬೇಕಾದರೆ, ಅದಿಲ್ಲದ ಕಾಲದಲ್ಲಿ ಯಾರು ಏನನ್ನು ತೆತ್ತರು ಎಂಬುದನ್ನು ನೋಡಬೇಕು.

ಹಲ್ಲಿನ ಕಸಿ ಹಂಟರ್ ಕಂಡುಹಿಡಿದದ್ದೇನಲ್ಲ. ರಾಜಮನೆತನದ ಹೆಂಗಸೊಬ್ಬಳ ಕೆಟ್ಟ ಹಲ್ಲು ಕಿತ್ತು, ಆ ಜಾಗಕ್ಕೆ ಅವಳ ಸೇವಕಿಯ ಹಲ್ಲು ಕೂರಿಸಿದ ಸಂಗತಿಯನ್ನು ತಾನು ನಂಬಿಕಸ್ಥರಿಂದ ಕೇಳಿದ್ದಾಗಿ 16ನೇ ಶತಮಾನದ ಫ್ರೆಂಚ್ ಶಸ್ತ್ರವೈದ್ಯ ಆಂಬ್ರ್ವಾಸ್ ಪಾರೆ ಬರೆದಿದ್ದಾನೆ. ದಂತವೈದ್ಯಕ್ಕೆ ಶಾಸ್ತ್ರದ ರೂಪ ಕೊಟ್ಟ ಪಿಯೇರ್ ಫೋಷಾರ್ ತನ್ನ 1728ರ ಗ್ರಂಥದಲ್ಲಿ ಇದರ ಕ್ರಮವನ್ನು ವಿವರಿಸಿದ್ದಾನೆ. ಆದರೆ ಇದು ವಿರಳವಾದ ಕೈಚಳಕವಾಗಿ ಉಳಿಯದೆ ಲಂಡನ್ನಿನ ಸಿರಿವಂತರ ಶೋಕಿಯಾಗಿ ಹಬ್ಬಿದ್ದು ಹಂಟರ್‌ನ ಹೆಸರಿನ ಬಲದಿಂದ. ಸ್ಕಾಟ್ಲೆಂಡಿನಲ್ಲಿ 1728ರಲ್ಲಿ ಹುಟ್ಟಿದ ಈತ ಸೈನ್ಯದಲ್ಲಿ ಶಸ್ತ್ರವೈದ್ಯನಾಗಿದ್ದವನು. ಸೈನ್ಯದಿಂದ ಮರಳಿದ ಮೇಲೆ ಜೇಮ್ಸ್ ಸ್ಪೆನ್ಸ್ ಎಂಬ ದಂತವೈದ್ಯನ ಜೊತೆ ಕೆಲಸ ಮಾಡಿದ. ಕಿತ್ತ ಹಲ್ಲಿನಲ್ಲಿ ಸ್ವಲ್ಪ ಹೊತ್ತು ಜೀವ ಉಳಿದಿರುತ್ತದೆ, ಜೀವವಿರುವ ಎರಡು ಭಾಗಗಳನ್ನು ತಾಗಿಸಿಟ್ಟರೆ ಅವು ಕೂಡಿಕೊಳ್ಳುತ್ತವೆ ಎಂಬುದು ಅವನ ದೃಢವಾದ ನಂಬಿಕೆ.

ಅದನ್ನು ತೋರಿಸಲು ಅವನು ಮಾಡಿದ ಪ್ರಯೋಗ ಪ್ರಸಿದ್ಧ. ಬೇರು ಇನ್ನೂ ಪೂರ್ತಿ ಬೆಳೆಯದ ಮನುಷ್ಯರ ಹಲ್ಲೊಂದನ್ನು ತೆಗೆದುಕೊಂಡು, ಹುಂಜದ ಜುಟ್ಟನ್ನು ಚೂರಿಯಿಂದ ಆಳವಾಗಿ ಸೀಳಿ, ಒಳಗೆ ಒತ್ತಿ, ದಾರದಿಂದ ಬಿಗಿದ. ಕೆಲವು ತಿಂಗಳ ನಂತರ ಹುಂಜವನ್ನು ಕೊಂದು, ತಲೆಯ ರಕ್ತನಾಳಗಳಿಗೆ ಬಣ್ಣ ತುಂಬಿ ಜುಟ್ಟನ್ನೂ ಹಲ್ಲನ್ನೂ ಉದ್ದಕ್ಕೆ ಸೀಳಿ ನೋಡಿದರೆ, ಹಲ್ಲಿನ ತಿರುಳಿನೊಳಗೂ ಬಣ್ಣ ಹರಿದಿತ್ತು. ಸೀಳಿದ ಆ ಮಾದರಿ ಲಂಡನ್ನಿನ ಹಂಟೇರಿಯನ್ ಮ್ಯೂಸಿಯಂನಲ್ಲಿ ಈಗಲೂ ಇದೆ. ಹಲವು ಬಾರಿ ಮಾಡಿದ ಈ ಪ್ರಯೋಗ ಕೈಗೂಡಿದ್ದು ಒಂದೇ ಸಲ ಎಂದೂ ಹಂಟರ್ ಪ್ರಾಮಾಣಿಕವಾಗಿ ಬರೆದಿದ್ದಾನೆ. ಆ ಮಾತನ್ನು ಅವನ ಕಾಲದವರು ಕಿವಿಗೆ ಹಾಕಿಕೊಳ್ಳಲಿಲ್ಲ. ಬೇರು ಎಳೆಯದಾಗಿತ್ತು ಎಂಬ ವಿವರವಂತೂ ಯಾರ ಗಮನಕ್ಕೂ ಬರಲಿಲ್ಲ. ಮುಂದೆ ಇಡೀ ಕತೆಯ ಕೀಲಿಯಾದದ್ದು ಆ ವಿವರವೇ.

ಲಂಡನ್ನಿಗೆ ಬೇಕಾಗಿದ್ದದ್ದು ಮುಂದಿನ ಹಲ್ಲುಗಳು. ಸಕ್ಕರೆ ತಿಂದು ಹಲ್ಲು ಹುಳುಕಾದ ಸಿರಿವಂತರು ಒಂದು ಕಡೆ, ನಾಲ್ಕು ಕಾಸಿಗೆ ಹಲ್ಲು ಮಾರಲು ಬಂದ ಬಡ ಮಕ್ಕಳು ಇನ್ನೊಂದು ಕಡೆ. 1787ರಲ್ಲಿ ಥಾಮಸ್ ರೋಲ್ಯಾಂಡ್‌ಸನ್ ಬರೆದ ವ್ಯಂಗ್ಯಚಿತ್ರ ಆ ಕೋಣೆಯನ್ನು ಹಾಗೆಯೇ ಹಿಡಿದಿಟ್ಟಿದೆ. ಮೈಯೆಲ್ಲ ಮಸಿಯಾದ, ಚಿಮಣಿ ಗುಡಿಸುವ ಹುಡುಗನ ಹಲ್ಲನ್ನು ಪೀಠದ ಮೇಲೆ ಕೀಳುತ್ತಿದ್ದಾರೆ. ಪಕ್ಕದಲ್ಲಿ ಅಲಂಕರಿಸಿಕೊಂಡ ಮಹಿಳೆ ತನ್ನ ಸರದಿಗೆ ಕಾದಿದ್ದಾಳೆ. ಹಲ್ಲು ಕಳೆದುಕೊಂಡ ಇಬ್ಬರು ಮಕ್ಕಳು ಚಿಂದಿ ಬಟ್ಟೆಯಲ್ಲಿ ದವಡೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದಾರೆ. ಜೀವಂತ ಹಲ್ಲಿಗೆ ಒಳ್ಳೆಯ ಬೆಲೆ ಕೊಡಲಾಗುವುದು ಎಂಬ ಫಲಕ ಬಾಗಿಲಿಗಿದೆ. ನೋಡಿದವರು ಆಗ ನಕ್ಕಿರಬಹುದು. ಇವತ್ತು ಆ ಚಿತ್ರದ ಮುಂದೆ ನಗು ಬರುವುದಿಲ್ಲ.

ಸಮುದ್ರದಾಚೆ ಅಮೆರಿಕದಲ್ಲೂ ಇದೇ ವ್ಯಾಪಾರ ನಡೆಯುತ್ತಿತ್ತು. ಫ್ರೆಂಚ್ ದಂತವೈದ್ಯ ಜಾನ್ ಪಿಯೇರ್ ಲ ಮೇಯರ್ 1780ರ ದಶಕದಲ್ಲಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟು, ಒಳ್ಳೆಯ ಮುಂದಿನ ಹಲ್ಲು ಕೊಡುವವರಿಗೆ ಹಲ್ಲೊಂದಕ್ಕೆ 2 ಗಿನಿ ಕೊಡುವುದಾಗಿ ಸಾರಿದ್ದ. ಜಾರ್ಜ್ ವಾಷಿಂಗ್ಟನ್ನನ ಮೌಂಟ್ ವರ್ನನ್ ಎಸ್ಟೇಟಿನ ಲೆಕ್ಕದ ಪುಸ್ತಕದಲ್ಲಿ 1784ರ ಮೇ ತಿಂಗಳ ಒಂದು ನಮೂದು ಇದೆ: ಅಲ್ಲಿನ ಕಪ್ಪು ಜನರಿಗೆ 9 ಹಲ್ಲುಗಳ ಬಾಬ್ತು 6 ಪೌಂಡ್ 2 ಶಿಲಿಂಗ್, ಡಾಕ್ಟರ್ ಲೆಮ್ವಾರ್ ಲೆಕ್ಕಕ್ಕೆ. ಲೆಮ್ವಾರ್ ಎಂದರೆ ಲ ಮೇಯರನೇ ಇರಬೇಕೆಂದು ಇತಿಹಾಸಕಾರರು ಊಹಿಸುತ್ತಾರೆ. ಆ ಹಲ್ಲುಗಳು ವಾಷಿಂಗ್ಟನ್ನನ ಕಟ್ಟುಹಲ್ಲಿನ ಸೆಟ್ಟಿಗೆ ಹೋದವೋ, ಅವನ ಬಾಯಲ್ಲೇ ಕಸಿ ಮಾಡಲು ನೋಡಿದರೋ, ಇಲ್ಲವೇ ವೈದ್ಯ ತನ್ನ ಬೇರೆ ರೋಗಿಗಳಿಗೆ ಒಯ್ದನೋ ಎಂಬ ಚರ್ಚೆ ಇನ್ನೂ ತೀರ್ಮಾನವಾಗಿಲ್ಲ. ತೀರ್ಮಾನವಾದ ಸಂಗತಿ ಒಂದಿದೆ. ಗುಲಾಮರಾಗಿದ್ದ ಆ ಜನರಿಗೆ ಸಂದದ್ದು ಹಲ್ಲಿಗೆ ಸುಮಾರು ಹದಿಮೂರೂವರೆ ಶಿಲಿಂಗ್, ಅಂದರೆ ಜಾಹೀರಾತಿನ ದರದ ಮೂರನೇ ಒಂದು ಭಾಗದಷ್ಟು. ಬೇಡವೆನ್ನುವ ಸ್ವಾತಂತ್ರ್ಯ ಅವರಿಗಿತ್ತೇ ಎಂದು ಕೇಳುವ ಅಗತ್ಯವೂ ಇಲ್ಲ.

ಈ ಶೋಕಿಯನ್ನು ನಿಲ್ಲಿಸಿದ್ದು ಕರುಣೆಯಲ್ಲ, ಭಯ. ಕಸಿ ಮಾಡಿಸಿಕೊಂಡ ಕೆಲವರ ಬಾಯಲ್ಲಿ ಕೆಲವು ವಾರಗಳ ನಂತರ ಹುಣ್ಣುಗಳೆದ್ದವು. ಹಾಗೆ ನರಳಿ ಸತ್ತ ಯುವತಿಯೊಬ್ಬಳ ವೃತ್ತಾಂತವನ್ನು ಸರ್ ವಿಲಿಯಂ ವಾಟ್ಸನ್ 1785ರಲ್ಲಿ ಪ್ರಕಟಿಸಿದ. ಹಲ್ಲಿನ ಜೊತೆ ಸಿಫಿಲಿಸ್ ಕೂಡ ದಾಟಿಬರುತ್ತಿದೆ ಎಂಬ ಗುಲ್ಲು ಎದ್ದಿತು. 1786ರಲ್ಲಿ ಗುಹ್ಯರೋಗಗಳ ಕುರಿತು ಬರೆದ ಹಂಟರ್ ಇದನ್ನು ಒಪ್ಪಲಿಲ್ಲ. ಹಲ್ಲು ಕೊಟ್ಟವರಲ್ಲಿ ರೋಗದ ಗುರುತು ಇರಲಿಲ್ಲ, ಆದ್ದರಿಂದ ಇದು ಬೇರೇನೋ ಇರಬೇಕು ಎಂದು ವಾದಿಸಿದ. ಅವನು ಗೆದ್ದನೋ ಸೋತನೋ, ಜನರ ವಿಶ್ವಾಸವಂತೂ ಹೋಯಿತು. ಅದೇ ಹೊತ್ತಿಗೆ ಪಿಂಗಾಣಿ ಹಲ್ಲುಗಳು ಪೇಟೆಗೆ ಬಂದವು. 19ನೇ ಶತಮಾನ ಶುರುವಾಗುವಾಗ ಜೀವಂತ ಹಲ್ಲಿನ ಕಸಿ ಮೂಲೆ ಸೇರಿತ್ತು.

ಒಬ್ಬರ ಹಲ್ಲು ಇನ್ನೊಬ್ಬರ ಬಾಯಲ್ಲಿ ಏಕೆ ನಿಲ್ಲುತ್ತಿರಲಿಲ್ಲ ಎಂಬುದು ಪೀಟರ್ ಮೆಡಾವರ್ 1940ರ ದಶಕದಲ್ಲಿ ಚರ್ಮದ ಕಸಿಯ ಮೇಲೆ ಮಾಡಿದ ಅಧ್ಯಯನಗಳಿಂದ ಸ್ಪಷ್ಟವಾಯಿತು. ಪರರ ಅಂಗಾಂಶವನ್ನು ದೇಹ ಗುರುತು ಹಿಡಿದು ಹೊರಗಟ್ಟುತ್ತದೆ. ಹಾಗಾದರೆ ದಾರಿ ಒಂದೇ: ಅವರವರ ಹಲ್ಲು ಅವರವರ ಬಾಯಿಗೆ. 1950ರ ಆಸುಪಾಸಿನಲ್ಲಿ ಅಮೆರಿಕದ ಆಪ್ಫೆಲ್, ಮಿಲ್ಲರ್, ಹೇಲ್ ಎಂಬ ವೈದ್ಯರು, ಹರೆಯದವರ ಹುಳುಕಿನಿಂದ ಹಾಳಾದ ಮೊದಲ ದವಡೆ ಹಲ್ಲನ್ನು ತೆಗೆದು, ಅವರದೇ ಇನ್ನೂ ಮೊಳೆಯದ ಬುದ್ಧಿಹಲ್ಲನ್ನು ಅಲ್ಲಿ ನೆಟ್ಟ ವರದಿಗಳನ್ನು ಬರೆದರು. ಪರರ ಹಲ್ಲನ್ನು ಕೊಳ್ಳುವ ಪ್ರಶ್ನೆ ಅಲ್ಲಿಗೆ ಮುಗಿಯಿತು. ಆದರೆ ಹೊಂದುತ್ತದೋ ಇಲ್ಲವೋ ಎಂಬ ಪ್ರಶ್ನೆ ಇನ್ನಷ್ಟು ಬಿಗಿಯಾಯಿತು. ಹಂಟರನಿಗೆ ಎರಡನೆಯ, ಮೂರನೆಯ ಹಲ್ಲು ಕಾದಿರುತ್ತಿತ್ತು. ಇಲ್ಲಿ ಇರುವುದೊಂದೇ ಹಲ್ಲು.

ಕಸಿಗೆ ವಿಜ್ಞಾನದ ತಳಪಾಯ ಬಿದ್ದದ್ದು ಉತ್ತರ ಯುರೋಪಿನಲ್ಲಿ. ಓಸ್ಲೋದಲ್ಲಿ ಓಲಾವ್ ಸ್ಲಾಗ್ಸ್‌ವೊಲ್ದ್ ಮತ್ತು ಬ್ಯೋರ್ನ್ ಬ್ಯೆರ್ಕೆ, ಹುಟ್ಟಿನಿಂದಲೇ ಕೆಲವು ಹಲ್ಲುಗಳಿಲ್ಲದ ಅಥವಾ ಬಿದ್ದು ಹಲ್ಲು ಕಳೆದುಕೊಂಡ ಮಕ್ಕಳಿಗೆ ಅವರದೇ ಮುಂದವಡೆ ಹಲ್ಲನ್ನು (ಪ್ರಿಮೋಲಾರ್) ಸ್ಥಳಾಂತರಿಸುತ್ತಿದ್ದರು. ಬೇರು ಅರ್ಧದಿಂದ ಮುಕ್ಕಾಲು ಬೆಳೆದಿರುವಾಗ ಕಿತ್ತು ನೆಟ್ಟರೆ ಹೊಸ ಜಾಗದಲ್ಲೂ ಬೇರು ಬೆಳೆಯುವುದು ಮುಂದುವರಿಯುತ್ತದೆ ಎಂದು 1974ರಲ್ಲಿ ಎಕ್ಸ್‌ರೇಗಳ ಮೂಲಕ ತೋರಿಸಿದರು. ಎಳೆಯ ಬೇರಿನ ತುದಿ ತೆರೆದಿರುತ್ತದೆ, ಅದರ ಮೂಲಕ ರಕ್ತನಾಳಗಳು ಒಳಗೆ ಹೊಕ್ಕು ತಿರುಳಿಗೆ ಮತ್ತೆ ಜೀವ ಕೊಡುತ್ತವೆ. ಹುಂಜದ ಜುಟ್ಟಿನಲ್ಲಿ ಹಂಟರ್ ಕಂಡದ್ದು ಇದನ್ನೇ.

ಕೋಪನ್‌ಹೇಗನ್ನಿನಲ್ಲಿ ಯೆನ್ಸ್ ಆಂಡ್ರೆಯಾಸೆನ್ ಕಣ್ಣಿಟ್ಟದ್ದು ಬೇರನ್ನು ಸುತ್ತಿಕೊಂಡಿರುವ ತೆಳುಪೊರೆಯ ಮೇಲೆ. ಹಲ್ಲು ಮೂಳೆಗೆ ನೇರವಾಗಿ ಅಂಟಿರುವುದಿಲ್ಲ, ಈ ಪೊರೆಯ ನಾರುಗಳಲ್ಲಿ ತೂಗಿಕೊಂಡಿರುತ್ತದೆ. ಪೊರೆಯ ಜೀವಕೋಶಗಳು ಸತ್ತರೆ ದೇಹವು ಬೇರನ್ನು ಮೂಳೆಯೆಂದೇ ಭಾವಿಸಿ ಕರಗಿಸತೊಡಗುತ್ತದೆ. ಪೆಟ್ಟು ಬಿದ್ದು ಉದುರಿದ ಹಲ್ಲುಗಳನ್ನು ಮರಳಿ ಕೂರಿಸಿದ 110 ಪ್ರಸಂಗಗಳನ್ನು 1966ರಲ್ಲಿ ಅವರು ಯೋರ್ಟಿಂಗ್-ಹಾನ್ಸೆನ್ ಜೊತೆ ಪರಿಶೀಲಿಸಿದರು. ಅರ್ಧ ಗಂಟೆಯೊಳಗೆ ಕೂರಿಸಿದ ಹಲ್ಲುಗಳಲ್ಲಿ ಶೇ 90ರಷ್ಟರಲ್ಲಿ ಬೇರು ಕರಗಿರಲಿಲ್ಲ. ಎರಡು ಗಂಟೆಗೂ ಹೆಚ್ಚು ಹೊರಗಿದ್ದವುಗಳ ಪೈಕಿ ಶೇ 95ರಷ್ಟು ಕರಗಿದ್ದವು. (ಆಟವಾಡುವಾಗ ಮಗುವಿನ ಶಾಶ್ವತ ಹಲ್ಲು ಉದುರಿದರೆ ಬೇರನ್ನು ಮುಟ್ಟದೆ ಎತ್ತಿ, ತಕ್ಷಣ ಗೂಡಿಗೇ ಕೂರಿಸಿ, ಆಗದಿದ್ದರೆ ಹಾಲಿನಲ್ಲಿಟ್ಟು ದಂತವೈದ್ಯರ ಬಳಿಗೆ ಓಡಿ ಎಂದು ಹೇಳುವುದು ಈ ಪೊರೆಯನ್ನು ಉಳಿಸಲಿಕ್ಕೇ. ಪ್ರತಿ ಶಾಲೆಯ ಗೋಡೆಯ ಮೇಲೂ ಇದನ್ನು ಬರೆಸಬೇಕು.) 1990ರಲ್ಲಿ ಆಂಡ್ರೆಯಾಸೆನ್ ತಂಡ 370 ಮುಂದವಡೆ ಹಲ್ಲುಗಳ ಕಸಿಯ ಫಲಿತಾಂಶ ಪ್ರಕಟಿಸಿತು. ಬೇರು ಪೂರ್ತಿ ಬೆಳೆಯದ ಹಲ್ಲುಗಳಲ್ಲಿ ಶೇ 95, ಬೆಳೆದವುಗಳಲ್ಲಿ ಶೇ 98 ಉಳಿದಿದ್ದವು. ಆದರೆ ತಿರುಳು ಮತ್ತೆ ಜೀವ ಪಡೆದದ್ದು ಮೊದಲ ಗುಂಪಿನಲ್ಲಿ ಶೇ 96, ಎರಡನೆಯದರಲ್ಲಿ ಬರೀ ಶೇ 15. ಬೆಳೆದ ಹಲ್ಲಿಗೆ ರೂಟ್ ಕೆನಾಲ್ ಮಾಡಲೇಬೇಕಾಗುತ್ತದೆ ಎಂಬುದು ಖಚಿತವಾಯಿತು.

ಇಷ್ಟೆಲ್ಲ ತಿಳಿದ ಮೇಲೂ ಆಪರೇಷನ್ ಟೇಬಲ್ ಮೇಲಿನ ಕಷ್ಟ ಹಾಗೆಯೇ ಇತ್ತು. ಕಿತ್ತ ಹಲ್ಲನ್ನೇ ಹೊಸ ಗೂಡಿಗೆ ಇಟ್ಟು ನೋಡಬೇಕು, ಎಲ್ಲೋ ತಾಗಿದರೆ ಹೊರಗೆ ತೆಗೆಯಬೇಕು, ಮೂಳೆಯನ್ನು ಇನ್ನಷ್ಟು ಕೊರೆಯಬೇಕು, ಮತ್ತೆ ಇಡಬೇಕು. ಪ್ರತಿ ಸಲ ಇಟ್ಟು ತೆಗೆದಾಗಲೂ ಪೊರೆ ತರಚುತ್ತದೆ, ಪ್ರತಿ ನಿಮಿಷವೂ ಅದರ ಕೋಶಗಳು ಒಣಗುತ್ತವೆ. ಗೂಡು ಬಿಗಿಯಾದರೆ ಪೊರೆ ಜಜ್ಜಿಹೋಗುತ್ತದೆ, ಸಡಿಲವಾದರೆ ಕೂಡಿಕೊಳ್ಳುವುದಿಲ್ಲ. ಹಲ್ಲನ್ನು ಬದುಕಿಸುವ ಕೆಲಸವೇ ಹಲ್ಲನ್ನು ಕೊಲ್ಲುತ್ತಿತ್ತು. ಪಳಗಿದ ಕೈಗಳು ಮಾತ್ರ ಇದನ್ನು ನಿಭಾಯಿಸಿದವು.

ಅಷ್ಟರಲ್ಲಿ ಇನ್ನೊಂದು ಅಲೆ ಬಂದು ಕಸಿಯನ್ನು ಮತ್ತೆ ಬದಿಗೆ ತಳ್ಳಿತು. ಟೈಟಾನಿಯಂ ಲೋಹ ಮೂಳೆಯೊಡನೆ ಬೆಸೆದುಕೊಳ್ಳುತ್ತದೆಂದು ಕಂಡುಕೊಂಡ ಸ್ವೀಡನ್ನಿನ ಪೆರ್-ಇಂಗ್ವಾರ್ ಬ್ರೋನೆಮಾರ್ಕ್ 1965ರಲ್ಲಿ ಮೊದಲ ರೋಗಿಗೆ ಇಂಪ್ಲಾಂಟ್ ಕೂರಿಸಿದರು. 1982ರ ಟೊರಾಂಟೊ ಸಮ್ಮೇಳನದ ನಂತರ ಅದು ಜಗತ್ತಿಗೆಲ್ಲ ಹರಡಿತು. ಕಂಪನಿಯಿಂದ ಬರುವ ಸ್ಕ್ರೂ, ಗೊತ್ತಿರುವ ಅಳತೆ, ಅದಕ್ಕೆ ತಕ್ಕ ಡ್ರಿಲ್. ಇನ್ನೊಂದು ಹಲ್ಲು ಕೀಳುವ ಗೊಡವೆ ಯಾರಿಗೆ ಬೇಕು? ಆದರೆ ಮಕ್ಕಳ ಬಾಯಲ್ಲಿ ಇಂಪ್ಲಾಂಟ್ ನಡೆಯುವುದಿಲ್ಲ. ದವಡೆ ಬೆಳೆದಂತೆ ಅಕ್ಕಪಕ್ಕದ ಹಲ್ಲುಗಳು ಅದರ ಜೊತೆ ಇಳಿದುಬರುತ್ತವೆ. ಮೂಳೆಗೆ ಬೆಸೆದ ಲೋಹ ಮಾತ್ರ, ಸುತ್ತ ಮಣ್ಣು ಏರಿದರೂ ಇದ್ದಲ್ಲೇ ಇರುವ ನೆಟ್ಟ ಕಲ್ಲಿನಂತೆ, ಹಿಂದೆ ಉಳಿಯುತ್ತದೆ. ಪೊರೆ ಸಮೇತ ನೆಟ್ಟ ಸ್ವಂತ ಹಲ್ಲು ದವಡೆಯ ಜೊತೆಗೇ ಬೆಳೆಯುತ್ತದೆ, ಬೇಕಾದರೆ ಕ್ಲಿಪ್ ಹಾಕಿ ಸರಿಸಲೂ ಬಹುದು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಬಾಚಿಹಲ್ಲು ಕಳೆದುಕೊಂಡವರ ಪಾಲಿಗೆ ಹಲ್ಲಿನ ಕಸಿ ಇವತ್ತಿಗೂ ಅತ್ಯುತ್ತಮ ಉಪಾಯಗಳಲ್ಲಿ ಒಂದು.

ಮತ್ತೊಂದು ಸಂಗತಿ ನನಗೆ ಈ ಇತಿಹಾಸದಲ್ಲೇ ಅತ್ಯಂತ ಸ್ವಾರಸ್ಯದ್ದೆನಿಸುತ್ತದೆ. ಕಸಿಯನ್ನು ಬದಿಗೆ ತಳ್ಳಿದ ಇಂಪ್ಲಾಂಟೇ ಅದಕ್ಕೆ ಬೇಕಾದ ಸಲಕರಣೆಗಳನ್ನು ಬೆಳೆಸಿತು. ಸ್ಕ್ರೂ ಎಲ್ಲಿ, ಯಾವ ಕೋನದಲ್ಲಿ ಹೋಗಬೇಕೆಂದು ಮೊದಲೇ ನೋಡಿಕೊಳ್ಳಲು ಸಿಟಿ ಸ್ಕ್ಯಾನ್ ಓದುವ ಸಾಫ್ಟ್‌ವೇರ್‌ಗಳು 1990ರ ದಶಕದಲ್ಲಿ ಬಂದವು. ಚಾರ್ಲ್ಸ್ ಹಲ್ 1984ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದ ಸ್ಟೀರಿಯೊಲಿಥೊಗ್ರಫಿ, ಅಂದರೆ ದ್ರವ ರೆಸಿನ್ನನ್ನು ಬೆಳಕಿನಿಂದ ಪದರ ಪದರವಾಗಿ ಗಟ್ಟಿಗೊಳಿಸುವ ವಿಧಾನ, ಆಗ ಕೈಗೆ ಸಿಕ್ಕಿತ್ತು. ಹಲ್ಲು ದವಡೆಗಳಿಗೆಂದೇ ರೂಪಿಸಿದ, ಸಾಮಾನ್ಯ ಸಿಟಿಗಿಂತ ಕಡಿಮೆ ವಿಕಿರಣದ ಕೋನ್ ಬೀಮ್ ಸಿಟಿಯನ್ನು 1998ರಲ್ಲಿ ಇಟಲಿಯ ಮೊತ್ಸೊ ತಂಡ, 1999ರಲ್ಲಿ ಜಪಾನಿನ ಅರಾಯಿ ತಂಡ ಪ್ರಕಟಿಸಿದವು.

ಇವನ್ನೆಲ್ಲ ಹಲ್ಲಿನ ಕಸಿಗೆ ತಿರುಗಿಸಿದವರು ದಕ್ಷಿಣ ಕೊರಿಯಾದ ಸೋಲ್ ನಗರದ ಯೊನ್ಸೆ ವಿಶ್ವವಿದ್ಯಾಲಯದ ಲೀ ಸೆಂಗ್-ಜೊಂಗ್ ಮತ್ತು ಸಂಗಡಿಗರು. 2001ರ ಅವರ ಲೇಖನದ ಆಲೋಚನೆ ಬಹಳ ಸರಳ. ದಾನಿ ಹಲ್ಲು ಇನ್ನೂ ಬಾಯೊಳಗೆ ತನ್ನ ಜಾಗದಲ್ಲೇ ಇರುವಾಗ ಸಿಟಿ ಸ್ಕ್ಯಾನ್ ಮಾಡಿ, ಬೇರು ಸಮೇತ ಅದರ ಪ್ರತಿರೂಪವನ್ನು ತಯಾರಿಸಿಕೊಳ್ಳುವುದು. ಹೊಸ ಗೂಡನ್ನು ಈ ಪ್ರತಿರೂಪದ ಅಳತೆಗೆ ಕೊರೆಯುವುದು. ಅದು ಸರಿಯಾಗಿ ಕೂತ ಮೇಲೆಯೇ ನಿಜವಾದ ಹಲ್ಲನ್ನು ಕೀಳುವುದು.

ಎಷ್ಟು ಸಲ ಇಟ್ಟು ತೆಗೆದರೂ ಪ್ರತಿರೂಪಕ್ಕೆ ನೋವಿಲ್ಲ, ಅದು ಒಣಗುವುದಿಲ್ಲ. ಹಂಟರ್ ಕೋಣೆಯಲ್ಲಿ ಕರೆಸಿಟ್ಟುಕೊಳ್ಳಬೇಕೆಂದ ಆ ಎರಡನೆಯ, ಮೂರನೆಯ ಮಕ್ಕಳ ಕೆಲಸವನ್ನು ಈಗ ಒಂದು ತುಂಡು ರೆಸಿನ್ ಮಾಡುತ್ತದೆ. ಡಿಜಿಟಲ್ ಪ್ಲಾನಿಂಗ್ ಎಂದರೆ ವೇಗ, ನಿಖರತೆ ಎಂದೆಲ್ಲ ಹೊಗಳುವವರಿದ್ದಾರೆ. ಹೊಂದಿಸಿ ನೋಡುವ ಕಷ್ಟವನ್ನು ಅದು ಜೀವವಿರುವ ಹಲ್ಲಿನ ಮೇಲಿಂದ ಎತ್ತಿ ಜೀವವಿಲ್ಲದ ವಸ್ತುವಿನ ಮೇಲೆ ಇಟ್ಟಿತಲ್ಲ, ನನಗೆ ಅದೇ ದೊಡ್ಡದು.

ಕೆಲಸ ಹೇಗೆ ನಡೆಯುತ್ತದೆ ಎಂದು ಸ್ವಲ್ಪ ಹತ್ತಿರದಿಂದ ನೋಡೋಣ. ಸ್ಕ್ಯಾನಿನಲ್ಲಿ ಬೇರೂ ಅದರ ಸುತ್ತಲಿನ ಮೂಳೆಯೂ ಹೆಚ್ಚುಕಡಿಮೆ ಒಂದೇ ಬೂದು ಬಣ್ಣ, ನಡುವೆ ಪೊರೆಯ ಕಪ್ಪು ಗೆರೆ ಕೂದಲೆಳೆಯಷ್ಟು. ಆ ಗೆರೆಯನ್ನು ಹಿಡಿದು ಒಂದೊಂದೇ ಪದರದಲ್ಲಿ ಹಲ್ಲನ್ನು ಮೂಳೆಯಿಂದ ಬಿಡಿಸಬೇಕು. ಪಕ್ಕದ ಹಲ್ಲಿನಲ್ಲಿ ಲೋಹದ ಫಿಲ್ಲಿಂಗ್ ಇದ್ದರೆ ಚಿತ್ರದ ಮೇಲೆ ಬಿಳಿ ಗೀರುಗಳು ಹಾಯ್ದು ಅಂಚೇ ಅಳಿಸಿಹೋಗುತ್ತದೆ. ಎಳೆಯ ಹಲ್ಲಾದರೆ ಇನ್ನೊಂದು ಸೂಕ್ಷ್ಮವಿದೆ. ಬೇರಿನ ತೆರೆದ ತುದಿಯಲ್ಲಿ ಮುಂದೆ ಬೇರಾಗಿ ಬೆಳೆಯಬೇಕಾದ ಮೃದು ಅಂಗಾಂಶವಿರುತ್ತದೆ. ಅದು ಸ್ಕ್ಯಾನಿನಲ್ಲಿ ಕಾಣದು, ಆದ್ದರಿಂದ ಪ್ರತಿರೂಪದಲ್ಲೂ ಬರದು. ಪ್ರತಿರೂಪಕ್ಕೆ ತಕ್ಕಷ್ಟೇ ಆಳ ಕೊರೆದರೆ ನಿಜವಾದ ಹಲ್ಲು ಇಳಿದಾಗ ಆ ಅಂಗಾಂಶ ಜಜ್ಜಿಹೋಗುತ್ತದೆ. ಅದಕ್ಕೆಂದೇ ಗೂಡಿನ ತಳದಲ್ಲಿ ಹೆಚ್ಚಿನ ಜಾಗ ಬಿಡಬೇಕು. ಆಮೇಲೆ ಸ್ಟೆರಿಲೈಜ್ ಮಾಡಿದ ಪ್ರತಿರೂಪವನ್ನು ಇಟ್ಟು ನೋಡುತ್ತ, ಮೂಳೆ ಕಾಯದಂತೆ ಸಲೈನ್ ಬಿಡುತ್ತ, ನಿಧಾನವಾಗಿ ಕೊರೆಯುತ್ತಾರೆ. ಈಗ ಅವಸರವಿಲ್ಲ. ಕಿತ್ತ ಹಲ್ಲು ಇಳಿದ ಮೇಲೆ ಹೊಲಿಗೆಯಿಂದಲೋ ಬಾಗುವ ತೆಳು ತಂತಿಯಿಂದಲೋ ಕೆಲವು ದಿನ ಹಿಡಿದಿಡುತ್ತಾರೆ. ಬಿಗಿಯಾಗಿ ಕಟ್ಟಿಹಾಕುವುದಿಲ್ಲ, ಸಣ್ಣ ಅಲುಗಾಟವೇ ಪೊರೆಯನ್ನು ಗುಣಪಡಿಸುತ್ತದೆ.

ಸೋಲ್‌ನಿಂದ ಹೊರಟ ಈ ಆಲೋಚನೆ ಯುರೋಪಿನಲ್ಲಿ ಬೇರೂರಲು ಹತ್ತು ವರ್ಷ ಹಿಡಿಯಿತು. ಬೆಲ್ಜಿಯಂನ ಲ್ಯೂವೆನ್‌ನಲ್ಲಿ 1990ರಲ್ಲೇ ವಿಶ್ವವಿದ್ಯಾಲಯದಿಂದ ಕವಲೊಡೆದ ಮಟೀರಿಯಲೈಸ್ ಎಂಬ ತ್ರೀಡಿ ಪ್ರಿಂಟಿಂಗ್ ಕಂಪನಿ ಇತ್ತು. ಅದೇ ಊರಿನಲ್ಲಿ ಶಹಬಾಜಿಯನ್, ರೈನ್‌ಹಿಲ್ಡೆ ಯಾಕೊಬ್ಸ್ ಮತ್ತಿತರರು 2010ರಲ್ಲಿ ಪ್ರತಿರೂಪದ ನಿಖರತೆಯನ್ನು ಪ್ರಯೋಗಾಲಯದಲ್ಲಿ ಪರೀಕ್ಷಿಸಿದರು. 2013ರಲ್ಲಿ ಮಕ್ಕಳಲ್ಲಿ ಹಳೆಯ ಪದ್ಧತಿಯೊಡನೆ ಹೋಲಿಸಿ ನೋಡಿದರು. 2010ರಲ್ಲೇ ಗ್ಲಾಸ್ಗೋದಿಂದಲೂ ಒಂದು ವರದಿ ಬಂತು. 2016ರಲ್ಲಿ ವಿಯೆನ್ನಾದ ಸ್ಟ್ರಬಾಕ್ ತಂಡ ಇನ್ನೊಂದು ಹೆಜ್ಜೆ ಮುಂದಿಟ್ಟಿತು. ಪ್ರತಿರೂಪದ ಜೊತೆಗೆ ಡ್ರಿಲ್ ಯಾವ ಕೋನದಲ್ಲಿ, ಎಷ್ಟು ಆಳಕ್ಕೆ ಹೋಗಬೇಕೆಂದು ತೋರಿಸುವ ಅಚ್ಚುಗಳನ್ನೂ ಕಂಪ್ಯೂಟರಿನಲ್ಲೇ ರೂಪಿಸಿ ಮುದ್ರಿಸಿ, ಪೆಟ್ಟು ಬಿದ್ದು ಮುಂದಿನ ಹಲ್ಲುಗಳು ಹಾಳಾಗಿದ್ದ ಹುಡುಗನೊಬ್ಬನಿಗೆ ಅವನದೇ ಮುಂದವಡೆ ಹಲ್ಲುಗಳನ್ನು ನೆಟ್ಟರು. ಅಲ್ಲಿಯವರೆಗಿನ ವರದಿಗಳನ್ನು ನೆದರ್‌ಲ್ಯಾಂಡ್ಸ್‌ನ ವೆರ್ವೈ ತಂಡ 2017ರಲ್ಲಿ ಒಟ್ಟುಗೂಡಿಸಿದಾಗ, ಹಲ್ಲು ಬಾಯಿಂದ ಹೊರಗಿದ್ದದ್ದು ಒಂದು ನಿಮಿಷಕ್ಕಿಂತ ಕಡಿಮೆ ಎಂಬ ಉದಾಹರಣೆಗಳು ಹಲವಾರು ಸಿಕ್ಕವು.

ಎಲ್ಲರೂ ಒಪ್ಪಿಬಿಟ್ಟಿದ್ದಾರೆಂದಲ್ಲ. ಒಂದು ಆಕ್ಷೇಪ, ಸಾಕ್ಷ್ಯದ ಬಗ್ಗೆ. ಬಂದಿರುವ ವರದಿಗಳಲ್ಲಿ ಬಹಳಷ್ಟು ಒಬ್ಬಿಬ್ಬರು ರೋಗಿಗಳ ಅಥವಾ ಸಣ್ಣ ಗುಂಪುಗಳವು. ಎದುರಿಗೆ ಓಸ್ಲೋದ ದಾಖಲೆ ಇದೆ. ಅಲ್ಲಿ ಕಸಿಯಾದ 33 ಹಲ್ಲುಗಳನ್ನು ಎವಾ ಚೊಖ್ರೊವ್ಸ್ಕಾ ಮತ್ತು ಸಂಗಡಿಗರು 17ರಿಂದ 41 ವರ್ಷಗಳ ನಂತರ ಹುಡುಕಿ ಪರೀಕ್ಷಿಸಿ 2002ರಲ್ಲಿ ವರದಿ ಮಾಡಿದಾಗ ಶೇ 90 ಉಳಿದಿದ್ದವು, ಶೇ 79 ಎಲ್ಲ ರೀತಿಯಲ್ಲೂ ಯಶಸ್ವಿಯಾಗಿದ್ದವು. ಅವೆಲ್ಲ ಕಂಪ್ಯೂಟರಿಲ್ಲದೆ ಬರೀ ಕೈಯಿಂದ ಮಾಡಿದವು. ಇನ್ನೊಂದು ಆಕ್ಷೇಪ, ಬೆಳೆಯುವ ಮಕ್ಕಳಿಗೆ ಸ್ಕ್ಯಾನಿನ ವಿಕಿರಣ ಬೇಕೇ ಎಂಬುದು. ಎರಡೂ ತೂಕದ ಮಾತುಗಳೇ. ಆದರೂ ಓಸ್ಲೋ, ಕೋಪನ್‌ಹೇಗನ್ನಿನ ಕೈಗಳು ಎಲ್ಲ ಊರಿನಲ್ಲೂ ಇರುವುದಿಲ್ಲ. ವರ್ಷಕ್ಕೆ ಹತ್ತಾರು ಕಸಿ ಮಾಡುವ ಕೇಂದ್ರಕ್ಕೆ ಪ್ರತಿರೂಪ ಅನುಕೂಲವಷ್ಟೇ. ಅಪರೂಪಕ್ಕೊಂದು ಮಾಡುವ ವೈದ್ಯರಿಗೆ, ಅವರ ಮುಂದೆ ಕೂತ ಮಗುವಿಗೆ, ಅದು ಗೆಲುವು ಸೋಲಿನ ಅಂತರ ಆಗಬಹುದು. ಎಲ್ಲರಿಗೂ ಸ್ಕ್ಯಾನ್ ಬೇಡ, ಬೇರು ಬಾಗಿರುವಲ್ಲಿ, ಮೂಳೆ ಕಿರಿದಾಗಿರುವಲ್ಲಿ ಬೇಕು ಎಂಬ ವಾದ ನನಗೆ ಸರಿಯೆನಿಸುತ್ತದೆ.

ಇಷ್ಟಾದರೂ ಒಂದು ಕೆಲಸ ಕಂಪ್ಯೂಟರಿಗೆ ದಕ್ಕಿಲ್ಲ, ಅದು ದಾನಿ ಹಲ್ಲನ್ನು ಕೀಳುವುದು. ಗೂಡು ಎಷ್ಟೇ ಚೆನ್ನಾಗಿ ಸಿದ್ಧವಾಗಿರಲಿ, ಕೀಳುವಾಗ ಇಕ್ಕಳ ಬೇರಿನ ಮೇಲೆ ಜಾರಿದರೆ ಪೊರೆ ಹರಿಯುತ್ತದೆ. ಹಾಗಾಗಿ ಇಕ್ಕಳವನ್ನು ಹಲ್ಲಿನ ತಲೆಯ ಮೇಲಷ್ಟೇ ಹಿಡಿದು, ವಸಡಿನ ನಾರುಗಳನ್ನು ಮೊದಲೇ ಕತ್ತರಿಸಿಕೊಂಡು, ತಿರುಚದೆ ನಿಧಾನವಾಗಿ ಸಡಿಲಿಸುವುದನ್ನು ಕಸಿ ಕಲಿಯುವವರಿಗೆ ಈಗಲೂ ಕೈ ಹಿಡಿದೇ ಕಲಿಸುತ್ತಾರೆ.